ಕ್ಲಾಂಪ್ ಬಿಗಿ ಮಾಡುವ ಮೊದಲು ರಬ್ಬರನ್ನು ಮುಟ್ಟಿ ನೋಡಿ

ಹಳೆಯ ಕಾರಿನ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ. ಕೊಳವೆಯ ತುದಿಯಲ್ಲಿರುವ ಕ್ಲಾಂಪಿಗೆ ಇನ್ನೊಂದು ಸುತ್ತು ತಿರುಪು ಕೊಡುತ್ತಾರೆ, ವಾಸನೆ ನಿಲ್ಲುತ್ತದೆ, ಬಾನೆಟ್ ಮುಚ್ಚುತ್ತಾರೆ. ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಮತ್ತೊಂದು ಸುತ್ತು. ಹೀಗೆ ಬಿಗಿಯುತ್ತ ಹೋದಂತೆ ಉಕ್ಕಿನ ಪಟ್ಟಿ ರಬ್ಬರಿನೊಳಗೆ ಇಳಿಯುತ್ತದೆ, ಒಂದು ದಿನ ಅದನ್ನು ಸೀಳಿಯೇ ಬಿಡುತ್ತದೆ. ಅಲ್ಲಿಯವರೆಗೆ ತೊಟ್ಟಿಕ್ಕುತ್ತಿದ್ದ ಪೆಟ್ರೋಲ್ ಅಂದು ಧಾರೆಯಾಗಿ ಸುರಿಯುತ್ತದೆ. ಆ ‘ಇನ್ನೊಂದು ಸುತ್ತು’ ಬೇಡ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕ್ಲಾಂಪ್ ಸಡಿಲವಾಗಿದೆ ಎಂದು ನಮಗೆ ತೋರುವ ಹೊತ್ತಿಗೆ ಕ್ಲಾಂಪ್ ಸಾಮಾನ್ಯವಾಗಿ ಹಾಕಿದ ಅಳತೆಯಲ್ಲೇ ಇರುತ್ತದೆ. ಅದರಡಿಯ ರಬ್ಬರ್ ಸೋತಿರುತ್ತದೆ.

ನಾನು ತೀರ್ಥಹಳ್ಳಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿರುವುದು ಅಪ್ಪ ಕೊಂಡ 1997ರ ಮಾರುತಿ 800, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಮಾದರಿ. ಅಪ್ಪ ಹೋದ ಮೇಲೆ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ; ಇಟ್ಟುಕೊಳ್ಳುವುದಾದರೆ ಅದರ ಯೋಗಕ್ಷೇಮ ನನಗೇ ತಿಳಿದಿರಬೇಕು ಎಂದು ನಿರ್ಧರಿಸಿದೆ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಕೈಕೆಲಸವನ್ನು ಅವರಿಂದ ಕಲಿತೆ. ರಬ್ಬರ್ ಏಕೆ ಕೆಡುತ್ತದೆ ಎಂಬುದು ನನ್ನ ಪಾಠದ ವಿಷಯವೇ ಆಗಿದ್ದರಿಂದ ಆ ಭಾಗದ ವಿವರಣೆ ನನ್ನ ಪಾಲಿಗೆ ಬಂತು.

ಮೊದಲು ಪೆಟ್ರೋಲಿನ ದಾರಿ ಗೊತ್ತಿರಬೇಕು. ಮಾರುತಿ 800ರಲ್ಲಿ ಟ್ಯಾಂಕು ಹಿಂಭಾಗದ ನೆಲದಡಿಯಲ್ಲಿದೆ. ಅಲ್ಲಿಂದ ಉಕ್ಕಿನ ಸಣ್ಣ ಕೊಳವೆಗಳು ಕಾರಿನ ತಳದುದ್ದಕ್ಕೂ ಹಾದು ಎಂಜಿನ್ ಕೋಣೆಗೆ ಬರುತ್ತವೆ. ಅಲ್ಲಿ ಫಿಲ್ಟರ್, ಅದಾದ ಮೇಲೆ ಎಂಜಿನ್ನಿನೊಳಗೆ ತಿರುಗುವ ದಂಡ (ಕ್ಯಾಮ್‌ಶಾಫ್ಟ್) ಒತ್ತಿ ನಡೆಸುವ ಯಾಂತ್ರಿಕ ಪಂಪು, ಪಂಪಿನಿಂದ ಕಾರ್ಬುರೇಟರ್. ಹೆಚ್ಚಾದ ಪೆಟ್ರೋಲ್ ಬೇರೊಂದು ಕೊಳವೆಯಲ್ಲಿ ಟ್ಯಾಂಕಿಗೆ ಮರಳುತ್ತದೆ. ಇಡೀ ದಾರಿಯನ್ನು ಉಕ್ಕಿನಲ್ಲೇ ಮಾಡಲಾಗದು, ಏಕೆಂದರೆ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್‌ಗಳ ಮೇಲೆ ಅಲುಗಾಡುತ್ತದೆ, ಕಾರಿನ ಒಡಲು ಅಲುಗುವುದಿಲ್ಲ. ಮೂರು ಸಿಲಿಂಡರಿನ ಈ 796 ಸಿಸಿ ಎಂಜಿನ್ ನಿಂತಲ್ಲಿ ಓಡುವಾಗ ಎಷ್ಟು ನಡುಗುತ್ತದೆ ಎಂಬುದು ಅದರಲ್ಲಿ ಕೂತವರಿಗೆಲ್ಲ ಗೊತ್ತು. ಆ ನಡುಕವನ್ನು ನುಂಗಿಕೊಳ್ಳಲು ನಡುನಡುವೆ ರಬ್ಬರ್ ಕೊಳವೆಯ ತುಂಡುಗಳಿವೆ. ಪ್ರತಿ ತುಂಡಿಗೂ ಎರಡು ತುದಿ, ಪ್ರತಿ ತುದಿಗೂ ಒಂದು ಕ್ಲಾಂಪ್. ನಿಮ್ಮ ಕಾರಿನಲ್ಲಿ ಇಂಥ ತುದಿಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ ಬರೆದಿಡಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರ ಕಾರಿನಲ್ಲಿ ಸಂಖ್ಯೆ ಬೇರೆ ಇರಬಹುದು, ಕೆಲಸ ಅದೇ.

ಈ ಕೊಳವೆಗಳು ಬಹುಮಟ್ಟಿಗೆ ನೈಟ್ರೈಲ್ ರಬ್ಬರಿನವು. ಅದು ಮೆದುವಾಗಿ ಬಾಗಲೆಂದು ತಯಾರಿಸುವಾಗಲೇ ಒಂದು ಬಗೆಯ ಎಣ್ಣೆಯಂಥ ಮೃದುಕಾರಿ ದ್ರವ್ಯವನ್ನು ಬೆರೆಸಿರುತ್ತಾರೆ. ಪೆಟ್ರೋಲ್ ಹರಿಯುತ್ತಿರುವಾಗ ಅದರ ಅಂಶ ರಬ್ಬರಿನೊಳಗೆ ಸೇರಿ ರಬ್ಬರ್ ನೆನೆಸಿದ ಕಡಲೆಯಂತೆ ಉಬ್ಬುತ್ತದೆ. ಅದೇ ವೇಳೆಗೆ ಮೃದುಕಾರಿ ದ್ರವ್ಯ ನಿಧಾನವಾಗಿ ಕರಗಿ ಪೆಟ್ರೋಲಿನೊಂದಿಗೆ ಹೊರಟುಹೋಗುತ್ತದೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿದ್ದ ಪೆಟ್ರೋಲ್ ಆರಿ ರಬ್ಬರ್ ಕುಗ್ಗುತ್ತದೆ, ಆದರೆ ಮೊದಲಿನ ಮೃದುತ್ವ ಅದಕ್ಕೆ ಮರಳುವುದಿಲ್ಲ. ಇದರ ಜೊತೆಗೆ ಕ್ಲಾಂಪಿನ ಒತ್ತಡ ಬೇರೆ. ವರ್ಷಗಟ್ಟಲೆ ಒತ್ತಿ ಹಿಡಿದ ರಬ್ಬರ್ ಆ ಆಕಾರಕ್ಕೇ ಒಗ್ಗಿಬಿಡುತ್ತದೆ, ಪಟ್ಟಿಯಡಿಯಿಂದ ಎರಡೂ ಬದಿಗೆ ಸರಿದು ತೆಳುವಾಗುತ್ತದೆ, ಮತ್ತೆ ಮೇಲಕ್ಕೆ ತಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಜೋಡಣೆಯನ್ನು ಸೋರದಂತೆ ಹಿಡಿಯುವುದು ರಬ್ಬರಿನ ಈ ಮರುತಳ್ಳುವಿಕೆಯೇ. ಅದಿಲ್ಲದ ಮೇಲೆ ಪಟ್ಟಿಯನ್ನು ಎಷ್ಟು ಬಿಗಿದರೂ ನಾವು ಬಿಗಿಯುತ್ತಿರುವುದು ಗಟ್ಟಿಯಾದ ಒಂದು ಜಡ ವಸ್ತುವನ್ನು.

ಈಗ ಎಥನಾಲ್ ಬಂದಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಶೇ 20 ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಅದರಿಂದ ಒಳಿತಾಗಲಿ ಎಂದೇ ನನ್ನ ಹಾರೈಕೆ. ಆದರೆ 1997ರಲ್ಲಿ ತಯಾರಾದ ಕೊಳವೆಯನ್ನು ಯಾರೂ ಎಥನಾಲಿಗೆಂದು ರೂಪಿಸಿರಲಿಲ್ಲ. ಎಥನಾಲ್ ಮತ್ತು ಪೆಟ್ರೋಲಿನ ಆರೋಮ್ಯಾಟಿಕ್ (ಬೆಂಜೀನ್ ಜಾತಿಯ) ಅಂಶಗಳು ಒಟ್ಟಾಗಿದ್ದಾಗ ನೈಟ್ರೈಲ್ ರಬ್ಬರನ್ನು ಒಂದೊಂದೇ ಇದ್ದಾಗಿನದಕ್ಕಿಂತ ಹೆಚ್ಚು ಉಬ್ಬಿಸುತ್ತವೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ತಿಂಗಳು ನಿಂತ ಕಾರಿನಲ್ಲಿ ಆ ನೀರು ಉಕ್ಕಿನ ಕೊಳವೆಯ ತುದಿಗೆ ತುಕ್ಕು ಹಿಡಿಸುತ್ತದೆ. ತುದಿಯ ಮೈ ತರಿತರಿಯಾದರೆ ಹೊಸ ಕೊಳವೆ, ಹೊಸ ಕ್ಲಾಂಪ್ ಹಾಕಿದರೂ ಜಿನುಗುವುದು ನಿಲ್ಲುವುದಿಲ್ಲ.

ಆದ್ದರಿಂದ ನನ್ನ ಕ್ರಮ ಹೀಗೆ: ಸಂಶಯ ಬಂದ ಜೋಡಣೆಯನ್ನು ಬಿಗಿಯುವ ಮೊದಲು ಕೊಳವೆಯನ್ನು ಎರಡು ಬೆರಳಲ್ಲಿ ಹಿಸುಕುತ್ತೇನೆ, ಸ್ವಲ್ಪ ಬಾಗಿಸುತ್ತೇನೆ. ಒಳ್ಳೆಯ ರಬ್ಬರ್ ಹಿಸುಕಿದರೆ ಬಗ್ಗಿ ತಕ್ಷಣ ಮೊದಲಿನಂತಾಗುತ್ತದೆ. ಬಾಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡರೆ, ಕಲ್ಲಿನಂತೆ ಗಟ್ಟಿಯಿದ್ದರೆ, ಇಲ್ಲವೇ ಅಂಟಂಟಾಗಿ ಕೈಗೆ ಕಪ್ಪು ಹತ್ತಿದರೆ, ಕ್ಲಾಂಪಿನ ಸುದ್ದಿಗೇ ಹೋಗಬಾರದು, ಕೊಳವೆ ಬದಲಾಗಬೇಕು. ಕೊಳವೆ ಚೆನ್ನಾಗಿದ್ದು ಕ್ಲಾಂಪ್ ಮಾತ್ರ ಕೈಯಲ್ಲಿ ತಿರುಗುತ್ತಿದ್ದರೆ ಆಗ ಬಿಗಿಯಬಹುದು.

ಇನ್ನು ಕ್ಲಾಂಪುಗಳು. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ತಪ್ಪು ಕ್ಲಾಂಪ್ ಒಳ್ಳೆಯ ಕೊಳವೆಯನ್ನೂ ಕೊಲ್ಲುತ್ತದೆ.

ಎಲ್ಲ ಅಂಗಡಿಗಳಲ್ಲಿ ಸಿಗುವುದು ಪಟ್ಟಿಯ ಮೇಲೆ ಸೀಳುಗಳಿದ್ದು ಸ್ಕ್ರೂ ತಿರುಗಿಸಿದಂತೆ ಬಿಗಿಯಾಗುವ ಕ್ಲಾಂಪ್. ಗ್ಯಾರೇಜುಗಳಲ್ಲಿ ಇದಕ್ಕೆ ಜುಬಿಲಿ ಕ್ಲಿಪ್ ಎನ್ನುವವರಿದ್ದಾರೆ. ಬ್ರಿಟನ್ನಿನ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ ಎಂಬುವರು 1921ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ದೊಡ್ಡ ಕೊಳವೆಗೆ, ಅಂದರೆ ರೇಡಿಯೇಟರ್ ಹೋಸಿಗೆ, ಇದು ಅತ್ಯುತ್ತಮ ಸಾಧನ. ಆದರೆ ಹಳೆಯ ಸಣ್ಣ ಕಾರುಗಳ ಪೆಟ್ರೋಲ್ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಮಾತ್ರ. ಅಷ್ಟು ಸಣ್ಣ ಸುತ್ತಿಗೆ ಬಿಗಿದಾಗ ಸ್ಕ್ರೂ ಕೂತ ಪೆಟ್ಟಿಗೆಯ ಅಡಿಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ, ಪಟ್ಟಿ ಪೂರ್ತಿ ದುಂಡಗಾಗುವುದಿಲ್ಲ. ಒಂದು ಕಡೆ ಹೆಚ್ಚು ಒತ್ತಡ, ಪಕ್ಕದಲ್ಲೇ ಕಡಿಮೆ. ಆ ಕಡಿಮೆ ಇದ್ದ ಜಾಗದಿಂದ ಪೆಟ್ರೋಲ್ ಜಿನುಗುತ್ತದೆ. ಜೊತೆಗೆ ಪಟ್ಟಿಯ ಸೀಳುಗಳೊಳಗೆ ರಬ್ಬರ್ ನುಗ್ಗುತ್ತದೆ. ಇನ್ನೂ ಬಿಗಿದರೆ ಸೀಳಿನ ಅಂಚು ಅದನ್ನು ಕತ್ತರಿಸುತ್ತದೆ. ಹಳೆಯ ಕೊಳವೆಯನ್ನು ಬಿಚ್ಚಿದಾಗ ಅದರ ಮೈಮೇಲೆ ಏಣಿಯ ಮೆಟ್ಟಿಲಿನ ಗುರುತು ಕಂಡರೆ ಕಾರಣ ಇದೇ.

ಸಣ್ಣ ಪೆಟ್ರೋಲ್ ಕೊಳವೆಗೆ ಬೇಕಾದದ್ದು ಸೀಳಿಲ್ಲದ, ಅಂಚು ಹೊರಕ್ಕೆ ಮಡಿಚಿದ, ಪುಟ್ಟ ಬೋಲ್ಟು ಮತ್ತು ನಟ್ಟಿನಿಂದ ಬಿಗಿಯಾಗುವ ಕ್ಲಾಂಪ್. ಅಂಗಡಿಯಲ್ಲಿ ಮಿನಿ ಕ್ಲಾಂಪ್ ಅಥವಾ ಇಂಜೆಕ್ಷನ್ ಕ್ಲಾಂಪ್ ಎಂದು ಕೇಳಿದರೆ ಕೊಡುತ್ತಾರೆ. ಇವುಗಳ ಹೊಂದಾಣಿಕೆಯ ವ್ಯಾಪ್ತಿ ಕಡಿಮೆ, ಒಂದೆರಡು ಮಿ.ಮೀ. ಅಷ್ಟೇ. ಹೀಗಾಗಿ ಅಳತೆ ಸರಿಯಾಗಿ ತೆಗೆದುಕೊಂಡು ಹೋಗಬೇಕು. ಅಳೆಯಬೇಕಾದದ್ದು ಕೊಳವೆಯ ಹೊರವ್ಯಾಸ, ಅದನ್ನು ನಿಪ್ಪಲ್‌ಗೆ, ಅಂದರೆ ಕೊಳವೆ ತೊಡಿಸುವ ಮೂತಿಗೆ, ಹಾಕಿದ ಮೇಲೆ. ಒಳವ್ಯಾಸ ಹೇಳಿ ಕ್ಲಾಂಪ್ ಕೊಂಡು ತಂದರೆ ಅದು ಹೊಂದುವುದಿಲ್ಲ. 6 ಮಿ.ಮೀ. ಒಳವ್ಯಾಸದ ಕೊಳವೆಗೆ ಹೊರವ್ಯಾಸ ಸುಮಾರು 12 ಮಿ.ಮೀ. ಇರುತ್ತದೆ, ಆದರೂ ಕ್ಯಾಲಿಪರ್ ಇಟ್ಟು ನೋಡುವುದು ಲೇಸು. ಬೋಲ್ಟು ಹಾದುಹೋಗುವ ಎರಡು ಕಿವಿಗಳು ಪೂರ್ತಿ ಕೂಡಿಕೊಂಡ ಮೇಲೂ ಕೊಳವೆ ಬಿಗಿಯಾಗದಿದ್ದರೆ ಕ್ಲಾಂಪ್ ದೊಡ್ಡದಾಯಿತು; ಒಳಗೆ ಟ್ಯೂಬಿನ ತುಂಡು ಸುತ್ತಿ ಹೊಂದಿಸುವ ಕೆಲಸ ಬೇಡ.

ಕಾರ್ಖಾನೆಯಿಂದ ಬಂದಾಗ ನನ್ನ ಕಾರಿನಲ್ಲಿದ್ದದ್ದು ಸ್ಪ್ರಿಂಗ್ ಕ್ಲಿಪ್ಪುಗಳು. ಇಕ್ಕಳದಲ್ಲಿ ಎರಡು ಕಿವಿ ಹಿಡಿದು ಒತ್ತಿದರೆ ಅಗಲವಾಗುತ್ತವೆ, ಬಿಟ್ಟರೆ ತಾವೇ ಹಿಡಿದುಕೊಳ್ಳುತ್ತವೆ. ಇವನ್ನು ಅನೇಕ ಮೆಕ್ಯಾನಿಕ್‌ಗಳು ಕೀಳಾಗಿ ಕಾಣುತ್ತಾರೆ, ಬಿಚ್ಚಿ ಎಸೆದು ಸ್ಕ್ರೂ ಕ್ಲಾಂಪ್ ಹಾಕಿಬಿಡುತ್ತಾರೆ. ನನಗೆ ಇವುಗಳ ಮೇಲೆ ಗೌರವವಿದೆ. ಎಂಜಿನ್ ಬಿಸಿಯಾಗಿ ರಬ್ಬರ್ ಹಿಗ್ಗಿದಾಗ ಸ್ಪ್ರಿಂಗ್ ತಾನೂ ಹಿಗ್ಗುತ್ತದೆ, ತಣ್ಣಗಾದಾಗ ಹಿಂಬಾಲಿಸಿ ಕುಗ್ಗುತ್ತದೆ. ಸ್ಕ್ರೂ ಕ್ಲಾಂಪಿಗೆ ಆ ಗುಣವಿಲ್ಲ, ಕೂರಿಸಿದ ಅಳತೆಯಲ್ಲೇ ಕೂತಿರುತ್ತದೆ. ಹೊಸ ಕೊಳವೆಯ ದಪ್ಪ ಮೂಲದಷ್ಟೇ ಇದ್ದರೆ, ಹೊಸ ಸ್ಪ್ರಿಂಗ್ ಕ್ಲಿಪ್ ಹಾಕುವುದು ಒಳ್ಳೆಯ ಆಯ್ಕೆ. ಹಳೆಯದನ್ನು ಮಾತ್ರ ಮತ್ತೆ ಬಳಸಬೇಡಿ: ತುಕ್ಕು ಹಿಡಿದ, ಅಗಲಿಸಿ ಅಗಲಿಸಿ ಬಲ ಕಳೆದುಕೊಂಡ ಕ್ಲಿಪ್ ಕೊಳವೆಯ ಮೇಲೆ ಸುಮ್ಮನೆ ಕೂತಿರುತ್ತದೆ.

ಬೈಂಡಿಂಗ್ ವೈರ್, ತಾಮ್ರದ ತಂತಿ, ಪ್ಲಾಸ್ಟಿಕ್ ಟೈ, ನಿಪ್ಪಲ್‌ಗೆ ಸುತ್ತುವ ಟೆಫ್ಲಾನ್ ಟೇಪು, ಸೀಲಂಟ್: ಇವೆಲ್ಲವನ್ನೂ ನಾನು ಬೇರೆ ಬೇರೆ ಕಾರುಗಳಲ್ಲಿ ನೋಡಿದ್ದೇನೆ. ತಂತಿ ಒಂದೇ ಗೆರೆಯಲ್ಲಿ ಕೊಯ್ಯುತ್ತದೆ. ಟೆಫ್ಲಾನ್ ಟೇಪು ಜಾರಿಸುತ್ತದೆ, ಕೊಳವೆ ಕಳಚಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಂತೂ ಪೆಟ್ರೋಲಿನಲ್ಲಿ ಕೆಲವೇ ತಿಂಗಳಲ್ಲಿ ಹಳದಿಗಟ್ಟಿ ಪೆಡಸಾಗುತ್ತದೆ, ಬಿಸಿಗೆ ಮೆತ್ತಗಾಗಿ ಜಾರುತ್ತದೆ. ಪೆಟ್ರೋಲ್ ಹರಿಯುವುದು ಕಣ್ಣಿಗೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಾಕಿಸಿಕೊಂಡವರಿದ್ದಾರೆ. ದಯವಿಟ್ಟು ತೆಗೆಸಿಬಿಡಿ.

ಕೊಳವೆ ಕೊಳ್ಳುವಾಗ ಅದರ ಮೈಮೇಲಿನ ಬರಹ ಓದಿ. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ30 ಎಂಬ ಮಾನದಂಡದಲ್ಲಿ ಆರ್7 ಎಂದಿದ್ದರೆ ಕಾರ್ಬುರೇಟರ್ ಕಾರಿನ ಕಡಿಮೆ ಒತ್ತಡಕ್ಕೆ, ಆರ್9 ಎಂದಿದ್ದರೆ ಪೆಟ್ರೋಲನ್ನು ಸಿಂಪಡಿಸಿ ಕೊಡುವ ಇಂಜೆಕ್ಷನ್ ಕಾರಿನ ಹೆಚ್ಚಿನ ಒತ್ತಡಕ್ಕೆ. ಆರ್9 ಕೊಳವೆಯ ಒಳಪದರ ಸಾಮಾನ್ಯವಾಗಿ ಫ್ಲೋರಿನ್ ಇರುವ ರಬ್ಬರಿನದು, ಎಥನಾಲನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ನನ್ನದು ಕಾರ್ಬುರೇಟರ್ ಕಾರೇ ಆದರೂ ನಾನು ಆರ್9 ಹಾಕಿದ್ದೇನೆ. ಬೆಲೆ ಹೆಚ್ಚು, ಆದರೆ ಒಟ್ಟು ಬೇಕಾಗುವುದು ಕೆಲವು ಅಡಿ ಮಾತ್ರ. ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದ ತಂದೆ. ಮೈಮೇಲೆ ಏನೂ ಬರೆಯದ ಕಪ್ಪು ಕೊಳವೆಯನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ. ನೀರಿನ, ಗಾಳಿಯ ಕೊಳವೆಗಳೂ ನೋಡಲು ಹಾಗೆಯೇ ಇರುತ್ತವೆ.

ಸೋರಿಕೆ ಎಂದರೆ ತೊಟ್ಟಿಕ್ಕುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಯಾಂತ್ರಿಕ ಪಂಪು ಇರುವ ಕಾರಿನಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ಹೀರುವ ದಾರಿ. ಅಲ್ಲಿ ಕ್ಲಾಂಪ್ ಸಡಿಲವಾದರೆ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಮ್ಮ ಕಾರು ಉಡುಪಿಯಿಂದ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಏದುಸಿರು ಬಿಡತೊಡಗಿತು. ಸಮತಟ್ಟಿನಲ್ಲಿ ಏನೂ ಇಲ್ಲ, ಏರಿನಲ್ಲಿ ಮಾತ್ರ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಗ್ಯಾರೇಜೊಂದರಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದರು, ಪಂಪು ಬದಲಿಸಿದರು, ಬಿಲ್ಲು ಕೊಟ್ಟರು. ಮುಂದಿನ ಸಲವೂ ಹಾಗೆಯೇ ಆಯಿತು. ಡಿಪೋದ ಹಿರಿಯರು ಬಾನೆಟ್ ಎತ್ತಿ ಮೊದಲು ನೋಡಿದ್ದು ಪಾರದರ್ಶಕ ಫಿಲ್ಟರನ್ನು. ಎಂಜಿನ್ ಓಡುತ್ತಿದ್ದಾಗ ಅದರೊಳಗೆ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಗಾಳಿ ಎಲ್ಲೋ ಹಿಂದಿನಿಂದ ಸೇರುತ್ತಿದೆ ಎಂದು ಅವರು ಕಾರಿನಡಿ ಮಲಗಿ ಟ್ಯಾಂಕಿನ ಬಳಿಯ ಕೊಳವೆಯನ್ನು ಮುಟ್ಟಿದರು; ಕ್ಲಿಪ್ ತುಕ್ಕು ಹಿಡಿದು ಅರ್ಧ ಉದುರಿತ್ತು. ಒಂದು ಗೇಣು ಕೊಳವೆ, ಎರಡು ಕ್ಲಾಂಪುಗಳಿಂದ ಸಮಸ್ಯೆ ತೀರಿತು.

ಈ ಹೀರುವ ದಾರಿಯ ಸೋರಿಕೆಗೆ ಇನ್ನೊಂದು ಮುಖವಿದೆ. ಎಂಜಿನ್ ಓಡುವಾಗ ಒಣಗಿರುವ ಅದೇ ಜೋಡಣೆ ಕಾರು ನಿಂತಾಗ ತೊಟ್ಟಿಕ್ಕಬಹುದು. ಮಲೆನಾಡಿನ ಮನೆಗಳ ಅಂಗಳ ಇಳಿಜಾರಿನದು. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಟ್ಯಾಂಕಿನ ಪೆಟ್ರೋಲಿನ ಮಟ್ಟ ಎಂಜಿನ್ ಕೋಣೆಯ ಕೊಳವೆಗಳಿಗಿಂತ ಮೇಲಾಗುತ್ತದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ. ರಾತ್ರಿಯಿಡೀ ಸೋರಿ ಮುಚ್ಚಿದ ಶೆಡ್ಡಿನಲ್ಲಿ ಆವಿ ತುಂಬುವುದು ಹೀಗೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಪಕ್ಕದಲ್ಲಿ ಬಚ್ಚಲೊಲೆ ಇರುವ ಮನೆಗಳನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಪರೀಕ್ಷೆ ಮಾಡಲು ಸರಿಯಾದ ಹೊತ್ತು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಕಾರ್ಬುರೇಟರ್ ಕಾರನ್ನು ಓಡಿಸಿ ನಿಲ್ಲಿಸಿದ ಮೇಲೆ ಕಾರ್ಬುರೇಟರಿನ ಬಟ್ಟಲಲ್ಲಿರುವ ಪೆಟ್ರೋಲ್ ಎಂಜಿನ್ನಿನ ಶಾಖಕ್ಕೆ ಆವಿಯಾಗಿ ಸ್ವಲ್ಪ ಹೊತ್ತು ವಾಸನೆ ಬರುವುದು ಸಹಜ, ಅದನ್ನು ನಂಬಿ ತೀರ್ಮಾನಿಸಲಾಗದು. ಬೆಳಿಗ್ಗೆಯೂ ವಾಸನೆ ಇದ್ದರೆ ಅದು ಸೋರಿಕೆಯೇ. ಒದ್ದೆ ಗುರುತು ಕಾಣದಿದ್ದರೂ ನೆಮ್ಮದಿಪಡಬೇಡಿ. ಪೆಟ್ರೋಲ್ ಬೇಗ ಆರಿಹೋಗುತ್ತದೆ. ಅದು ಬಿಟ್ಟುಹೋಗುವುದು ಕಂದು ಬಣ್ಣದ ತೆಳು ಕಲೆಯನ್ನು, ಅಥವಾ ಅಚ್ಚರಿಯೆನಿಸುವಷ್ಟು ಸ್ವಚ್ಛವಾದ ಜಾಗವನ್ನು. ಆಯಿಲ್ ಸೋರಿದರೆ ಅಲ್ಲಿ ಧೂಳು ಮೆತ್ತಿಕೊಳ್ಳುತ್ತದೆ. ಪೆಟ್ರೋಲ್ ಸೋರಿದರೆ ಧೂಳು ತೊಳೆದುಹೋಗುತ್ತದೆ. ಧೂಳು ಹಿಡಿದ ಹಳೆಯ ಎಂಜಿನ್ನಿನಲ್ಲಿ ಕೊಳವೆಯ ತುದಿಯ ಕೆಳಗೆ ಮಾತ್ರ ಲೋಹ ಹೊಳೆಯುತ್ತಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಡಿಪೋದ ಹಿರಿಯರಿಂದ ಕಲಿತದ್ದು: ಬಿಳಿಯ ಹತ್ತಿ ಬಟ್ಟೆಯ ತುಂಡನ್ನು ಒಂದೊಂದೇ ಜೋಡಣೆಗೆ ಒತ್ತಿ ಹಿಡಿದು ಮೂಸಿ ನೋಡುವುದು. ಎಲ್ಲಕ್ಕೂ ಒಂದೇ ಬಟ್ಟೆ ಬಳಸಬಾರದು, ಯಾವ ತುದಿ ಎಂದು ಗೊತ್ತಾಗುವುದಿಲ್ಲ. ಆಮೇಲೆ ಇನ್ನೊಬ್ಬರಿಂದ ಎಂಜಿನ್ ಚಾಲೂ ಮಾಡಿಸಿ, ಸ್ವಲ್ಪ ದೂರ ನಿಂತು ಟಾರ್ಚ್ ಹಾಕಿ ಪಂಪು ಮತ್ತು ಕಾರ್ಬುರೇಟರ್ ನಡುವಿನ ಕೊಳವೆಯನ್ನು ನೋಡಿ. ಒತ್ತಡ ಇರುವ ಭಾಗ ಅದು.

ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ ಎಂದು ಸಮಾಧಾನಪಡುವವರಿಗೆ ಒಂದು ಮಾತು: ಅಲ್ಲಿ ಅಳೆಯುವುದು ಸೈಲೆನ್ಸರಿನಿಂದ ಬರುವ ಅನಿಲವನ್ನು ಮಾತ್ರ. ಬಾನೆಟ್ ಒಳಗಿನ ಕೊಳವೆಗಳ ಪರೀಕ್ಷೆ ಅದರಲ್ಲಿ ಸೇರಿಲ್ಲ.

ಬದಲಿಸುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ, ಬ್ಯಾಟರಿಯ ಋಣ ತಂತಿ ಬಿಚ್ಚಿ ಶುರು ಮಾಡಿ. ಪೌಡರ್ ತುಂಬಿದ ಅಗ್ನಿಶಾಮಕ ಕೈಗೆ ಸಿಗುವಂತಿರಲಿ. ಹಳೆಯ ಕೊಳವೆಯನ್ನು ಎಳೆದು ತೆಗೆಯಬೇಡಿ. ಪ್ಲಾಸ್ಟಿಕ್ ಫಿಲ್ಟರಿನ ನಿಪ್ಪಲ್ ಮುರಿಯುತ್ತದೆ, ಕಾರ್ಬುರೇಟರಿನದು ಸಡಿಲವಾಗುತ್ತದೆ. ತುದಿಯ ಬಳಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಬ್ಲೇಡು ಲೋಹಕ್ಕೆ ಗೀರು ಹಾಕದಿರಲಿ. ಹೊರಬರುವ ಪೆಟ್ರೋಲಿಗೆ ಅಡಿಯಲ್ಲಿ ಲೋಹದ ಪಾತ್ರೆ ಇಡಿ, ಟ್ಯಾಂಕಿನ ಕಡೆಯ ತುದಿಗೆ ಅದೇ ಗಾತ್ರದ ಬೋಲ್ಟ್ ಹಾಕಿ ಮುಚ್ಚಿ. ನಿಪ್ಪಲ್ ಮೇಲೆ ಬೆರಳಾಡಿಸಿದಾಗ ತುಕ್ಕಿನ ತರಿ ಸಿಕ್ಕರೆ ಬಟ್ಟೆಯಲ್ಲಿ ಒರೆಸಿ ನೋಡಿ. ಆಳವಾದ ಗುಂಡಿಗಳಿದ್ದರೆ ಆ ಉಕ್ಕಿನ ಕೊಳವೆಯೇ ಬದಲಾಗಬೇಕು. ಹೊಸ ಕೊಳವೆಗೆ ಮೊದಲೇ ಕ್ಲಾಂಪ್ ಪೋಣಿಸಿ, ನಿಪ್ಪಲ್‌ನ ತುದಿಯಲ್ಲಿರುವ ಉಬ್ಬು ಉಂಗುರ ದಾಟಿ ಸುಮಾರು 25 ಮಿ.ಮೀ. ಒಳಗೆ ಕೂರಿಸಿ. ಕ್ಲಾಂಪ್ ಕೂರಬೇಕಾದದ್ದು ಆ ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ. ಕೊಳವೆಯ ಅಂಚಿನಿಂದ ಸುಮಾರು 3 ಮಿ.ಮೀ. ಬಿಟ್ಟು. ರಬ್ಬರ್ ಪಟ್ಟಿಯ ಎರಡೂ ಬದಿಗೆ ಸ್ವಲ್ಪವೇ ಉಬ್ಬಿದಂತೆ ಕಂಡಾಗ ಬಿಗಿತ ಸಾಕು. ಸ್ಕ್ರೂಡ್ರೈವರನ್ನು ಇಡೀ ಮುಷ್ಟಿಯಲ್ಲಿ ಹಿಡಿಯದೆ ಬೆರಳುಗಳಲ್ಲಿ ಹಿಡಿದು ತಿರುಗಿಸಿ. ಕೊಳವೆ ಎಕ್ಸಾಸ್ಟ್ ಕಡೆಗೆ ವಾಲದಂತೆ, ಎಲ್ಲೂ ಉಜ್ಜದಂತೆ ನೋಡಿಕೊಳ್ಳಿ. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಹೊಸ ರಬ್ಬರ್ ಕೂತುಕೊಂಡ ಮೇಲೆ ಕ್ಲಾಂಪಿಗೆ ಕೊಡುವ ಅರ್ಧ ಸುತ್ತು ನ್ಯಾಯವಾದದ್ದು, ಅದೊಂದಕ್ಕೆ ನನ್ನ ವಿರೋಧವಿಲ್ಲ.

ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಒಂದೆರಡು ದಿನ ಓಡಿಸಿದ ಮೇಲೆ ಹೋಗುತ್ತದೆಯೇ? ಹಾಗಿದ್ದರೆ ಬಾನೆಟ್ ಕಡೆ ಹುಡುಕಬೇಡಿ. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಕೊಳವೆ ಮತ್ತು ಅದರ ಪಕ್ಕದ ಗಾಳಿಯಾಡುವ ಸಣ್ಣ ಕೊಳವೆಯ ಕ್ಲಾಂಪುಗಳನ್ನು ನೋಡಿ. ಹಿಂಚಕ್ರ ಎರಚುವ ಕೆಸರು ನೀರಿಗೆ ಇವೇ ಮೊದಲು ತುಕ್ಕು ಹಿಡಿಯುವುದು. ಇಲ್ಲಿ ದೊಡ್ಡ ಅಳತೆಯ ಜುಬಿಲಿ ಕ್ಲಿಪ್ ಸರಿಯಾದ ಆಯ್ಕೆ, ಆದರೆ ಸ್ಕ್ರೂ ಸಮೇತ ಪೂರ್ತಿ ಸ್ಟೇನ್‌ಲೆಸ್ ಇರಲಿ. ಪಟ್ಟಿ ಮಾತ್ರ ಸ್ಟೇನ್‌ಲೆಸ್, ಸ್ಕ್ರೂ ಸಾದಾ ಉಕ್ಕು ಇರುವವು ಹೆಚ್ಚು ಮಾರಾಟವಾಗುತ್ತವೆ. ಒಂದು ಅಯಸ್ಕಾಂತ ಹಿಡಿದು ನೋಡಿದರೆ ಸ್ಕ್ರೂ ಬಲವಾಗಿ ಅಂಟಿಕೊಂಡು ಗುಟ್ಟು ಹೇಳುತ್ತದೆ.

ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವಂತೆ ಮಾಡಿಸಿದ ಕಾರುಗಳಲ್ಲಿ ಪೆಟ್ರೋಲ್ ಕೊಳವೆಯನ್ನು ಕತ್ತರಿಸಿ ನಡುವೆ ವಿದ್ಯುತ್ ಕವಾಟ ಕೂರಿಸಿರುತ್ತಾರೆ. ಇನ್ನೆರಡು ತುದಿ, ಇನ್ನೆರಡು ಕ್ಲಾಂಪ್. ವರ್ಷಗಟ್ಟಲೆ ಅನಿಲದಲ್ಲೇ ಓಡಿಸಿದರೆ ಪೆಟ್ರೋಲ್ ಕೊಳವೆಗಳು ಒಣಗಿ ಬಿರಿಯುತ್ತವೆ, ಅನಿಲ ಮುಗಿದ ದಿನ ಪೆಟ್ರೋಲಿಗೆ ಬದಲಿಸಿದ ಕೂಡಲೇ ಸೋರುತ್ತವೆ. ಇಂಜೆಕ್ಷನ್ ಇರುವ ಮಾದರಿಗಳ ವಿಷಯ ಇನ್ನೂ ಗಂಭೀರ. ನನ್ನ ಕಾರಿನ ಪಂಪಿನ ಒತ್ತಡ ಚದರ ಇಂಚಿಗೆ 3ರಿಂದ 5 ಪೌಂಡ್. ಇಂಜೆಕ್ಷನ್ ಕಾರಿನಲ್ಲಿ ಅದು 40ರ ಆಸುಪಾಸು. ಅಲ್ಲಿ ಸೋರಿಕೆ ತುಂತುರಾಗಿ ಚಿಮ್ಮುತ್ತದೆ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸದೆ ಯಾವ ಕೊಳವೆಯನ್ನೂ ಮುಟ್ಟಬಾರದು. ಆರ್7 ಕೊಳವೆ, ಸಾದಾ ಸ್ಕ್ರೂ ಕ್ಲಾಂಪ್ ಅಲ್ಲಿ ಸಲ್ಲವು.

ಓಡಿಸುವಾಗ ಬಾನೆಟ್ಟಿನಿಂದ ಹೊಗೆ ಕಂಡರೆ ನಿಲ್ಲಿಸಿ, ಇಗ್ನಿಷನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ಟನ್ನು ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಕೊಕ್ಕೆ ಬಿಟ್ಟಾಗ ಉಂಟಾಗುವ ಸಂದಿಯಿಂದಲೇ ಪೌಡರ್ ಹಾಯಿಸಿ. ನೀರು ಬೇಡವೇ ಬೇಡ, ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿ ಹರಡುತ್ತದೆ.

ಓಮ್ನಿ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಅದರಲ್ಲೂ ಇದೇ 796 ಸಿಸಿ ಎಂಜಿನ್, ಆದರೆ ಇರುವುದು ಮುಂದಿನ ಆಸನಗಳ ಕೆಳಗೆ. ಕ್ಲಾಂಪ್ ಸೋತರೆ ಪೆಟ್ರೋಲ್ ಜಿನುಗುವುದು ಕೂತವರ ತೊಡೆಯ ಅಡಿಯಲ್ಲಿ, ಆವಿ ಸೇರುವುದು ಅವರು ಉಸಿರಾಡುವ ಜಾಗದಲ್ಲೇ. ನಮ್ಮ ಊರುಗಳಲ್ಲಿ ಹಳೆಯ ಓಮ್ನಿಗಳು ಇಂದಿಗೂ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತವೆ, ಅವುಗಳಲ್ಲಿ ಅನಿಲಕ್ಕೆ ಬದಲಿಸಿದವೂ ಇವೆ. ಕ್ಯಾಬಿನ್ನಿನ ವಾಸನೆಗೆ ಚಾಲಕರ ಮೂಗು ಒಗ್ಗಿಹೋಗಿರುತ್ತದೆ, ಅವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಮಗು ಅಂಥ ಗಾಡಿಯಲ್ಲಿ ಹೋಗುತ್ತಿದ್ದರೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಒಮ್ಮೆ ಆಸನ ಎತ್ತಿ ತೋರಿಸುವಂತೆ ಚಾಲಕರನ್ನು ಸೌಜನ್ಯದಿಂದ ಕೇಳಿ. ಕೊಳವೆ ಹಿಸುಕಿ ನೋಡಿ, ಬಿಳಿ ಬಟ್ಟೆ ಒತ್ತಿ ನೋಡಿ. ಬದಲಿಸಬೇಕಾಗಿ ಬಂದರೆ ಕೊಳವೆಯ ಮತ್ತು ಕ್ಲಾಂಪಿನ ಖರ್ಚನ್ನು ಪೋಷಕರು ಹಂಚಿಕೊಂಡು ಕೊಡಿ. ತಲೆಗೆ ಬರುವುದು ಅತ್ಯಲ್ಪ, ಚಾಲಕರು ಬೇಡವೆನ್ನುವುದಿಲ್ಲ.